ಗಾಡಿ ಬಿಟ್ಟು ಹೋಗಿ, ಸಂಜೆ ಬನ್ನಿ

ಮೂವತ್ತೆಂಟು ವರ್ಷ ಮೋಟಾರ್ ಸೈಕಲ್ ರಿಪೇರಿ ಮಾಡಿದವನು ನಾನು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದೊಂದು ಶೆಡ್ಡು ಇತ್ತು. ಅದರ ಬಾಗಿಲು ಹಾಕಿ ಮೂರು ವರ್ಷವಾಯಿತು, ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಐಟಿಐ ಮುಗಿಸಿಕೊಂಡು ಈ ಕೆಲಸಕ್ಕೆ ಇಳಿಯುವವರು ಯಾರಾದರೂ ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಓದದಿದ್ದರೂ ಬೇಜಾರಿಲ್ಲ. ಬರೆಯುವುದಕ್ಕೆ ನನಗೆ ಹೊತ್ತು ಬೇಕಾದಷ್ಟಿದೆ, ಮಾತಾಡುವುದಕ್ಕೆ ಮನೆಯಲ್ಲಿ ಜನ ಇಲ್ಲ.

ಹೆಂಡತಿ ಜಯಮ್ಮ ಕುಣಿಗಲ್‌ನಲ್ಲಿ ಮಗಳ ಮನೆಯಲ್ಲಿದ್ದಾಳೆ. ಮಗಳಿಗೆ ಎರಡನೇ ಹೆರಿಗೆಯಾದಾಗ ಮೂರು ತಿಂಗಳಿಗೆ ಅಂತ ಹೋದವಳು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳನ್ನು ಹಿಡಿಯುವವರಿಲ್ಲ, ಹಾಗಾಗಿ ಎರಡು ವರ್ಷವಾದರೂ ಅಲ್ಲೇ ಇದ್ದಾಳೆ. ನೀವೂ ಬನ್ನಿ ಅನ್ನುತ್ತಾಳೆ. ಅಳಿಯ ಒಳ್ಳೆಯವನೇ, ಆದರೆ ಅಳಿಯನ ಮನೆಯ ಸೋಫಾದಲ್ಲಿ ಕಾಲು ನೀಡಿಕೊಂಡು ಕೂರುವುದಕ್ಕೆ ನನ್ನ ಕೈಲಾಗುವುದಿಲ್ಲ. ಪ್ರತಿ ಭಾನುವಾರ ನನ್ನ ಹಳೇ ಗಾಡಿಯಲ್ಲಿ ಕುಣಿಗಲ್‌ಗೆ ಹೋಗಿ, ಮೊಮ್ಮಕ್ಕಳನ್ನು ಆಡಿಸಿ, ಊಟ ಮಾಡಿ, ಹೊತ್ತು ಮುಳುಗುವುದರೊಳಗೆ ವಾಪಸ್ ಬರುವುದು ರೂಢಿ. ಉಳಿದ ಆರು ದಿನ ಸಂಜೆ ಏಳಕ್ಕೆ ಅವಳ ಫೋನು. "ಊಟಕ್ಕೇನ್ ಮಾಡ್ಕಂಡ್ರಿ? ಗಾಡಿ ಒಳಗ್ ನಿಲ್ಸಿದ್ರಾ?" ಈ ಎರಡು ಪ್ರಶ್ನೆ ತಪ್ಪುವುದಿಲ್ಲ. ಫೋನ್ ಇಟ್ಟ ಮೇಲೆ ಫ್ಯಾನಿನ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ.

ಕೆಲಸ ಕಲಿಸಿದ್ದು ರಹಮಾನ್ ಉಸ್ತಾದ್. ಅವರಿಗೆ ಓದು ಬರಹ ಇರಲಿಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರೆ ಯಾವ ಬೇರಿಂಗ್ ಹೋಗಿದೆ ಅಂತ ಹೇಳುತ್ತಿದ್ದರು. ಅವರದೊಂದು ಕಟ್ಟುನಿಟ್ಟು ಇತ್ತು. ಗಿರಾಕಿ ಗಾಡಿ ತಂದು ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಇಳಿದು, ಹತ್ತು ಹೆಜ್ಜೆ ನಡೆದು ಬರುವ ತನಕ ಯಾರೂ ಸ್ಪ್ಯಾನರ್ ಮುಟ್ಟುವ ಹಾಗಿಲ್ಲ.

"ಗಾಡಿ ನೋಡ್ಬೇಡ್ಲಾ ರಂಗ, ಗಾಡಿ ತಂದೋನ್ನ ನೋಡು," ಅನ್ನುತ್ತಿದ್ದರು. "ಅರ್ಧ ರಿಪೇರಿ ಅವನ ಹತ್ರಾನೇ ಇರ್ತದೆ."

ನನಗೆ ಅದು ವಯಸ್ಸಾದವರ ಮಾತು ಅನ್ನಿಸುತ್ತಿತ್ತು. ಸ್ವಂತ ಶೆಡ್ಡು ಹಾಕಿದ ಮೇಲೆ ನನ್ನ ಪದ್ಧತಿಯೇ ಬೇರೆಯಾಯಿತು. ಗಿರಾಕಿ ತಲೆ ಮೇಲೆ ನಿಂತು ಅದೇನು, ಇದೇನು ಅಂತ ಕೇಳಿದರೆ ನನಗೆ ಕೈ ಓಡುತ್ತಿರಲಿಲ್ಲ, ಮೂಗಿನ ತುದಿಯಲ್ಲೇ ಕೋಪ. ಬಂದವರಿಗೆಲ್ಲ ಒಂದೇ ಮಾತು: "ಗಾಡಿ ಬಿಟ್ಟು ಹೋಗಿ, ಸಂಜೆ ಬನ್ನಿ." ಅವರು ಆ ಕಡೆ ತಿರುಗಿದ ಮೇಲೆ ಗಾಡಿ ಮುಟ್ಟುತ್ತಿದ್ದೆ. ರಿಪೇರಿ ಮುಗಿದ ಮೇಲೆ ರಿಂಗ್ ರೋಡ್ ತನಕ ನಾನೇ ಒಂದು ಟ್ರಯಲ್ ನೋಡಿ, ಸರಿ ಇದೆ ಅಂತ ಒಪ್ಪಿಸುತ್ತಿದ್ದೆ.

ಇದರಿಂದ ಎಡವಟ್ಟು ಆಗಲಿಲ್ಲ ಅಂತಲ್ಲ. ಶೆಡ್ಡು ಹಾಕಿದ ಮೊದಲ ವರ್ಷವೇ ಆಯುಧ ಪೂಜೆ ಮುಗಿದ ಮಾರನೇ ದಿನ ಐದು ಗಾಡಿ ಬಂದವು. ಐದಕ್ಕೂ ಒಂದೇ ಕಾಯಿಲೆ. ಸ್ಟಾರ್ಟ್ ಆಗುತ್ತೆ, ಎರಡು ಮೂರು ಕಿಲೋಮೀಟರ್ ಓಡುತ್ತೆ, ಆಮೇಲೆ ಇಂಜಿನ್ ಏದುಸಿರು ಬಿಟ್ಟು ನಿಂತು ಹೋಗುತ್ತೆ. ಐದು ಕಾರ್ಬೊರೇಟರ್ ಬಿಚ್ಚಿ, ತೊಳೆದು, ಕಟ್ಟಿದೆ. ಟ್ರಯಲ್ ನೋಡಿದರೆ ಮತ್ತೆ ಅದೇ ಕಥೆ. ಆ ದಾರಿಯಲ್ಲಿ ಬಂದ ಉಸ್ತಾದ್ ಒಂದು ನಿಮಿಷ ನಿಂತು ನೋಡಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಬಳಿದಿದ್ದ ಅರಿಸಿನ ಕುಂಕುಮವನ್ನು ಬೆರಳಿನಲ್ಲಿ ಒರೆಸಿದರು. ಮುಚ್ಚಳದಲ್ಲಿ ಗಾಳಿ ಆಡುವುದಕ್ಕೆ ಸೂಜಿ ಗಾತ್ರದ ತೂತು ಇರುತ್ತದೆ. ಭಕ್ತಿ ಜಾಸ್ತಿಯಾಗಿ ಐವರೂ ಅದನ್ನು ಮುಚ್ಚಿಬಿಟ್ಟಿದ್ದರು. ಗಾಳಿ ಹೋಗದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಗಿರಾಕಿಯ ಹಣೆ ನೋಡಿದ್ದರೂ ಸಾಕಿತ್ತು, ಮುಚ್ಚಳದ ಮೇಲಿದ್ದ ಕುಂಕುಮ ಅಲ್ಲೂ ಇತ್ತು.

ಇನ್ನೊಬ್ಬ ಗಿರಾಕಿ ಕುಣಿಗಲ್ ಕಡೆಯ ರೈತ. ಗಾಡಿಗೆ ರೇಸ್ ಕೊಟ್ಟರೆ ಇಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಕ್ಲಚ್ ಸ್ಲಿಪ್ ಆಗುತ್ತಿತ್ತು. ಬಿಚ್ಚಿ ಹೊಸ ಪ್ಲೇಟ್ ಹಾಕಿ ಕಳಿಸಿದೆ. ತಿಂಗಳಿಗೆ ವಾಪಸ್ ಬಂದ. ಪ್ಲೇಟು ಹೊಸದೇ, ಆದರೂ ಜಾರುತ್ತಿದೆ. ಬೇರೇನೂ ತೋಚದೆ ಆವತ್ತು ಬಾಯಿ ಬಿಟ್ಟು ಕೇಳಿದೆ, ಆಯಿಲ್ ಯಾವುದು ಹಾಕ್ತೀಯಪ್ಪ ಅಂತ.

"ಟ್ರಾಕ್ಟರ್‌ದು ಮಿಕ್ಕಿರ್ತದಲ್ಲಣ್ಣ, ಅದೇ ಹುಯ್ಯದು. ಆಯಿಲ್ಲೆಲ್ಲ ಆಯಿಲ್ಲೇ ಬುಡು," ಅಂದ.

ಮೋಟಾರ್ ಸೈಕಲ್ಲಿನ ಕ್ಲಚ್ಚು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಅದಕ್ಕೆ ಹೊಂದದ ಆಯಿಲ್ ಹಾಕಿದರೆ ಯಾವ ಪ್ಲೇಟೂ ಹಿಡಿಯುವುದಿಲ್ಲ. ಮೊದಲ ದಿನವೇ ಕೇಳಿದ್ದರೆ ಅವನಿಗೂ ಖರ್ಚು ಉಳಿಯುತ್ತಿತ್ತು, ನನಗೂ ಮಾನ ಉಳಿಯುತ್ತಿತ್ತು.

ಈಗ ಇದೆಲ್ಲ ಬದಲಾಗಿದೆ. ಗಾಡಿಗೆ ವೈರ್ ಚುಚ್ಚಿದರೆ ಪರದೆ ಮೇಲೆ ಕಾಯಿಲೆಯ ನಂಬರ್ ಬರುತ್ತದೆ. ಕಾರ್ಬೊರೇಟರ್ ಮ್ಯೂಸಿಯಂ ಸಾಮಾನಾಗಿದೆ. ಹೊಸ ವಿದ್ಯೆಯನ್ನು ನಾನು ಹಂಗಿಸುವುದಿಲ್ಲ, ನಮ್ಮ ಕಾಲದಲ್ಲಿ ಅದಿದ್ದಿದ್ದರೆ ಎಷ್ಟೋ ಕಾರ್ಬೊರೇಟರ್ ಸುಮ್ಮನೆ ಬಿಚ್ಚುವುದು ತಪ್ಪುತ್ತಿತ್ತು. ಆದರೆ ಈಗ ಹೇಳುವ ಗಾಡಿಯ ಕಾಯಿಲೆ ಆ ಪರದೆ ಮೇಲೂ ಬರುತ್ತಿರಲಿಲ್ಲ. ಇಷ್ಟೆಲ್ಲ ಬರೆಯುವುದಕ್ಕೆ ಕೂತಿದ್ದೇ ಆ ಒಂದು ಗಾಡಿಗೋಸ್ಕರ.

ಚಿಕ್ಕಣ್ಣ ದನದ ಆಸ್ಪತ್ರೆಯ ಕಾಂಪೌಂಡರ್. ಮನೆ ಗುಬ್ಬಿಯಲ್ಲಿ, ಡ್ಯೂಟಿ ಊರ್ಡಿಗೆರೆ ಕಡೆಯ ಹಳ್ಳಿಗಳಲ್ಲಿ. ದಿನಾ ಬೆಳಿಗ್ಗೆ ತುಮಕೂರು ದಾಟಿಕೊಂಡೇ ಹೋಗಬೇಕು. ಹೋಗುವಾಗ ನನ್ನ ಶೆಡ್ಡಿನ ಮುಂದೆ ನಿಲ್ಲಿಸಿ ಎದುರಿನ ಅಂಗಡಿಯಲ್ಲಿ ಟೀ ಕುಡಿದು ಹೋಗುವುದು ರೂಢಿ. ನನಗಿಂತ ನಾಲ್ಕು ವರ್ಷ ದೊಡ್ಡವನು, ಮಿತ ಮಾತಿನವನು. ಒದೆಯೋ ಹಸುವನ್ನೂ ಮಾತಾಡಿಸಿ ಸಮಾಧಾನ ಮಾಡುತ್ತಾನೆ ಅಂತ ಹಳ್ಳಿಯವರು ಹೇಳುತ್ತಿದ್ದರು. ಗಿರಾಕಿಗಳ ಪೈಕಿ ನಾನು ಟೀ ಕುಡಿಯುವುದಕ್ಕೆ ಎದ್ದು ಹೋಗುತ್ತಿದ್ದದ್ದು ಅವನೊಬ್ಬನ ಜೊತೆಗೆ. ಹದಿನೈದು ವರ್ಷ ಹಾಗೆ ನಡೆಯಿತು. ಸ್ನೇಹ ಅನ್ನುವ ಮಾತನ್ನು ಇಬ್ಬರೂ ಆಡಿರಲಿಲ್ಲ.

ಒಂದು ದಿನ ಟೀ ಲೋಟ ಹಿಡಿದುಕೊಂಡೇ ಹೇಳಿದ, "ರಂಗಣ್ಣ, ನಿಲ್ಸಿದ ತಕ್ಷಣ ಗಾಡಿ ಆಫ್ ಆಗ್ತೈತೆ ಕಣೋ."

ಗಾಡಿ ನಿಂತಾಗ ಇಂಜಿನ್ ತನ್ನಷ್ಟಕ್ಕೆ ಓಡುತ್ತಿರಬೇಕಲ್ಲ, ಅದಕ್ಕೆ ಪುಸ್ತಕದಲ್ಲಿ ಐಡ್ಲಿಂಗ್ ಅನ್ನುತ್ತಾರೆ, ಶೆಡ್ಡಿನಲ್ಲಿ ನಾವು 'ಸ್ಲೋ' ಅನ್ನುತ್ತಿದ್ದೆವು. ಸ್ಲೋ ಕೂರಿಸುವುದರಲ್ಲಿ ನಾನು ಹೆಸರು ಮಾಡಿದವನು. ಗಾಡಿ ಬಿಟ್ಟು ಹೋಗಿ, ಸಂಜೆ ಬನ್ನಿ ಅಂದೆ. ಜೆಟ್ ತೊಳೆದೆ, ಪ್ಲಗ್ ಬದಲಾಯಿಸಿದೆ, ಗಾಳಿ ಎಳೆಯುತ್ತಿದೆಯಾ ಅಂತ ರಬ್ಬರ್ ನೋಡಿದೆ, ಸ್ಲೋ ಕೂರಿಸಿದೆ. ಟ್ರಯಲ್ ನೋಡಿದರೆ ಗಾಡಿ ಸರಿಯಾಗಿದೆ.

ಹತ್ತು ದಿನಕ್ಕೆ ಮತ್ತೆ ಬಂದ. ಈ ಸಲ ಏರು ಹತ್ತದ ಕಂಪ್ಲೇಂಟು, ಕ್ಲಚ್ ಜಾರುತ್ತಿದೆ. ನೋಡಿದರೆ ಹ್ಯಾಂಡಲಿನ ಹತ್ತಿರ ಇರುವ ಕೇಬಲ್ ತಿರುಪನ್ನು ಯಾರೋ ಪೂರ್ತಿ ಬಿಗಿ ಮಾಡಿದ್ದಾರೆ. ಕ್ಲಚ್ ಲಿವರಿಗೆ ಸ್ವಲ್ಪ ಸಡಿಲ ಇರಲೇಬೇಕು, ಇಲ್ಲದಿದ್ದರೆ ಪ್ಲೇಟುಗಳು ಪೂರ್ತಿ ಕೂರದೆ ಜಾರಿ ಜಾರಿ ಸುಟ್ಟು ಹೋಗುತ್ತವೆ.

"ತಿರುಪು ಮುಟ್ಟಿದ್ರಾ ಕಾಂಪೌಂಡರ್ ಸಾರ್?" ಅಂದೆ.

"ಒಂಚೂರು ತಿರುಗಿಸ್ದೆ," ಅಂದ.

"ನಾನೇನು ನಿಮ್ಮ ಹಸೂಗೆ ಇಂಜೆಕ್ಷನ್ ಚುಚ್ತೀನಾ? ನೀವ್ಯಾಕೆ ನನ್ನ ಕೆಲ್ಸಕ್ಕೆ ಕೈ ಹಾಕ್ತೀರ?"

ನಕ್ಕ. ನಾನೂ ನಕ್ಕೆ. ತಿರುಪನ್ನು ಲೆಕ್ಕಕ್ಕೆ ಸರಿಯಾಗಿ ಸಡಿಲ ಮಾಡಿದೆ. ಮತ್ತೆ ವಾರಕ್ಕೆ ಬಂದ, ನಿಲ್ಲಿಸಿದರೆ ಆಫ್ ಆಗುತ್ತೆ. ಹೀಗೆ ಏಳೆಂಟು ತಿಂಗಳು ಎಳೆಯಿತು. ನಾನು ಸಡಿಲ ಮಾಡಿದರೆ ಗಾಡಿ ಆಫ್ ಆಗುವುದು, ಅವನು ಬಿಗಿ ಮಾಡಿದರೆ ಕ್ಲಚ್ ಜಾರುವುದು. ಕೇಬಲ್ ಬದಲಾಯಿಸಿದೆ. ಪ್ಲೇಟು ಬದಲಾಯಿಸಿದೆ. ಸ್ಪ್ರಿಂಗ್ ಹಳೇದಾಗಿದೆ ಅಂತ ಹೊಸ ಗಟ್ಟಿ ಸ್ಪ್ರಿಂಗ್ ಹಾಕಿದೆ, ಆಮೇಲೆ ವಾರಕ್ಕೆ ಬರುತ್ತಿದ್ದವನು ಮೂರು ದಿನಕ್ಕೆ ಬಂದ. ಕಡೆಗೆ ತಲೆ ಕೆಟ್ಟು ಮೆಕ್ಯಾನಿಕ್ ಆದವನು ಮಾಡಬಾರದ ಕೆಲಸ ಮಾಡಿದೆ. ಆಫ್ ಆಗದಿರಲಿ ಅಂತ ಸ್ಲೋ ಏರಿಸಿಬಿಟ್ಟೆ, ಅಂದರೆ ಗಾಡಿ ನಿಂತಾಗಲೂ ಇಂಜಿನ್ ಜೋರಾಗಿ ಓಡುವ ಹಾಗೆ ಮಾಡಿದೆ.

ಪ್ರತಿ ಸಲವೂ ಟ್ರಯಲ್ ನೋಡಿದವನು ನಾನು. ಪ್ರತಿ ಸಲವೂ ಗಾಡಿ ಸರಿಯಾಗೇ ಇತ್ತು.

ಸ್ಲೋ ಏರಿಸಿ ನಾಲ್ಕನೇ ದಿನ ಗುಬ್ಬಿ ಸಂತೆ. ಜನ ಅಡ್ಡ ಬಂದರು ಅಂತ ಚಿಕ್ಕಣ್ಣ ಕ್ಲಚ್ ಹಿಡಿದಿದ್ದಾನೆ, ಆದರೂ ಇಂಜಿನ್ನಿನ ಹಿಡಿತ ಪೂರ್ತಿ ಬಿಟ್ಟಿಲ್ಲ, ಇಂಜಿನ್ ಜೋರಾಗಿ ಓಡುತ್ತಿದೆ. ಗಾಡಿ ಎಳೆದುಕೊಂಡು ಹೋಗಿ ತರಕಾರಿ ರಾಶಿಗೆ ನುಗ್ಗಿತು. ಪುಣ್ಯಕ್ಕೆ ಬೇರೆಯವರಿಗೆ ಏನೂ ಆಗಲಿಲ್ಲ. ಅವನ ಮೊಣಕಾಲಿನ ಕೆಳಗೆ ಎಂಟು ಹೊಲಿಗೆ ಬಿತ್ತು.

ಮಾರನೇ ದಿನ ಲಗೇಜ್ ಆಟೋದಲ್ಲಿ ಗಾಡಿ ಹಾಕಿಕೊಂಡು ಕುಂಟುತ್ತ ಬಂದ. ಶೆಡ್ಡಿನ ಮುಂದೆ ಐದಾರು ಜನ ಇದ್ದರು. ತಪ್ಪು ನನ್ನದು ಅಂತ ನನಗೆ ಒಳಗೇ ಗೊತ್ತಿತ್ತು, ಅದಕ್ಕೇ ಬಾಯಿ ಜೋರಾಯಿತು. ಗಾಡಿ ಇಳಿಸಿ, ಸ್ಟಾರ್ಟ್ ಮಾಡಿ, ಎಲ್ಲರ ಎದುರಿಗೆ ಒಂದು ಸುತ್ತು ಹೊಡೆದು ತಂದು ನಿಲ್ಲಿಸಿದೆ.

"ನೋಡಿ, ಗಾಡೀಗೆ ಏನಾಗೈತೆ? ಕ್ಲಚ್ ಹಿಡಿಯಾಕೆ ಬರ್ದೇ ಇದ್ದೋರು ಗಾಡಿ ಯಾಕ್ರೀ ಇಟ್ಕಬೇಕು? ಎಮ್ಮೆ ಮೇಲೆ ಕೂತ್ಕಂಡು ಡ್ಯೂಟಿಗೆ ಹೋಗಿ."

ನಿಂತಿದ್ದವರು ನಕ್ಕರು. ಚಿಕ್ಕಣ್ಣ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಆಯ್ತು ಬುಡು ರಂಗಣ್ಣ," ಅಂದ. ಅದೇ ಆಟೋಗೆ ಗಾಡಿ ಹಾಕಿಸಿಕೊಂಡು ಹೋದ. ಆಮೇಲೆ ನನ್ನ ಶೆಡ್ಡಿನ ಮುಂದೆ ಅವನು ನಿಲ್ಲಲಿಲ್ಲ. ನಾಲ್ಕು ದಿನ ಟೀ ಹೊತ್ತಿಗೆ ರಸ್ತೆ ನೋಡಿದೆ. ಆಮೇಲೆ ಬಂದರೆ ಬರಲಿ, ಹೋದರೆ ಹೋಗಲಿ ಅಂದುಕೊಂಡೆ. ಗುಬ್ಬಿ ಇಪ್ಪತ್ತು ಕಿಲೋಮೀಟರ್, ಹೋಗಿ ಒಂದು ಮಾತು ಕೇಳಬಹುದಿತ್ತು. ಹನ್ನೆರಡು ವರ್ಷ ಕೇಳಲಿಲ್ಲ.

ಇನ್ನು ನನ್ನ ವಿಷಯ. ಈಗ್ಗೆ ಎರಡು ಮೂರು ತಿಂಗಳ ಹಿಂದೆ, ಒಂದು ಭಾನುವಾರ ಕುಣಿಗಲ್‌ಗೆ ಹೋಗುವಾಗ ನನ್ನ ಗಾಡಿ ದಾರಿಯಲ್ಲಿ ಮೂರು ಸಲ ಆಫ್ ಆಯಿತು. ಹಂಪ್ ಹತ್ತಿರ ಒಂದು ಸಲ, ಬಸ್ಸಿಗೆ ದಾರಿ ಬಿಡುವಾಗ ಒಂದು ಸಲ, ಊರ ಹತ್ತಿರ ಒಂದು ಸಲ. ದೊಡ್ಡಕೆರೆ ಏರಿ ಕಾಣುವ ಕಡೆ ಮರದ ಕೆಳಗೆ ನಿಲ್ಲಿಸಿ ಟೂಲ್ಸ್ ತೆಗೆದೆ. ನನ್ನ ಕೈಯಾರೆ ಸಾಕಿದ ಗಾಡಿ ಅದು. ಕಾರ್ಬೊರೇಟರ್ ಬಟ್ಟಲು ಬಿಚ್ಚಿ ನೋಡಿದೆ, ಕಸ ಇಲ್ಲ. ಸ್ಲೋ ಕೂರಿಸಿದೆ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಆಫ್. ಲಿವರ್ ಹಿಡಿದರೂ ಕ್ಲಚ್ ಇಂಜಿನ್ನನ್ನು ಬಿಡುತ್ತಿಲ್ಲ ಅನ್ನಿಸಿತು. ಅವತ್ತಿಗೆ ಹೇಗಾದರೂ ಮನೆ ಸೇರಿದರೆ ಸಾಕು ಅಂತ ಕೇಬಲ್ ತಿರುಪನ್ನು ಪೂರ್ತಿ ಬಿಗಿ ಮಾಡಿದೆ.

ಬಿಗಿ ಮಾಡಿದ ಮೇಲೆ ಅರ್ಧ ಹಿಡಿದರೂ ಕ್ಲಚ್ ಬಿಡುತ್ತಿತ್ತು. ಸದ್ಯ ಅಂದುಕೊಂಡು ಗಾಡಿ ಹತ್ತಿದವನು ಹಾಗೇ ಇಳಿದೆ. ಲಿವರಿನ ಮೇಲಿದ್ದ ನನ್ನ ಎಡಗೈ ನೋಡಿದೆ. ಕಿರುಬೆರಳು, ಉಂಗುರದ ಬೆರಳು ಎರಡೂ ಮಡಚುತ್ತಿರಲಿಲ್ಲ, ಲಿವರಿನ ಮೇಲೆ ಸುಮ್ಮನೆ ಮಲಗಿದ್ದವು. ಲಿವರನ್ನು ನಾನು ಕೊನೇ ತನಕ ಎಳೆಯುತ್ತಲೇ ಇರಲಿಲ್ಲ, ಕ್ಲಚ್ ಪೂರ್ತಿ ಬಿಡದೆ ಗಾಡಿ ನಿಂತ ಕಡೆ ಇಂಜಿನ್ನೂ ನಿಲ್ಲುತ್ತಿತ್ತು. ಕೆಲವು ತಿಂಗಳಿಂದ ಆ ಕೈ ಜೋಮು ಹಿಡಿಯುತ್ತಿತ್ತು, ಲೋಟ ಜಾರುತ್ತಿತ್ತು, ಅಂಗಿ ಗುಂಡಿ ಹಾಕುವುದಕ್ಕೆ ಹೊತ್ತಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಜಯಮ್ಮನಿಗೆ ಗೊತ್ತಾದರೆ ಮೊದಲು ಗಾಡಿ ಮಾರಿಸುತ್ತಾಳೆ. ಗಾಡಿ ಹೋದರೆ ನನ್ನ ಭಾನುವಾರ ಹೋಯಿತು. ಇಲ್ಲ ಅಂದರೆ ಶಾಶ್ವತವಾಗಿ ಆ ಸೋಫಾದಲ್ಲಿ ಕೂರಬೇಕು.

ಗಾಡಿಗೆ ಏನೂ ಆಗಿರಲಿಲ್ಲ. ಚಿಕ್ಕಣ್ಣನ ಗಾಡಿಗೂ ಏನೂ ಆಗಿರಲಿಲ್ಲ. ಅವನ ಕೈ ಸೋತಿತ್ತು, ಬಿಗಿ ಮಾಡಿದರೆ ಹೇಗೋ ಎಳೆಯುತ್ತಿದ್ದ. ನಾನು ಲೆಕ್ಕಕ್ಕೆ ಸರಿಯಾಗಿ ಸಡಿಲ ಮಾಡಿ, ಮೇಲೆ ಲಿವರ್ ಇನ್ನೂ ಬಿರುಸಾಗುವ ಗಟ್ಟಿ ಸ್ಪ್ರಿಂಗ್ ಹಾಕಿ, ಸ್ಪ್ಯಾನರ್ ಹಿಡಿದು ಕಬ್ಬಿಣವಾಗಿದ್ದ ನನ್ನ ಕೈಯಲ್ಲಿ ಟ್ರಯಲ್ ನೋಡಿ, ಸರಿ ಇದೆ ಅಂತ ಒಪ್ಪಿಸುತ್ತಿದ್ದೆ. ಆ ಮರದ ಕೆಳಗೆ ಕಲ್ಲಿನ ಮೇಲೆ ಕೂತು ನಾನು ಅತ್ತೆ, ಅದನ್ನು ಮುಚ್ಚಿಡುವುದಿಲ್ಲ.

ಮುಂದಿನ ಬುಧವಾರ ಗುಬ್ಬಿಗೆ ಹೋದೆ. ಗಾಡಿಯಲ್ಲೇ ಹೋದೆ, ಬುದ್ಧಿ ಅಷ್ಟು ಬೇಗ ಬರುವುದಿಲ್ಲ. ಕಾಂಪೌಂಡರ್ ಚಿಕ್ಕಣ್ಣನ ಮನೆ ಅಂದರೆ ಈಗಲೂ ತೋರಿಸುತ್ತಾರೆ. ಅಂಗಳದಲ್ಲಿ ಕೂತಿದ್ದ. ಕೂದಲೆಲ್ಲ ಬೆಳ್ಳಗಾಗಿದೆ. ಎಡಗೈ ತೊಡೆ ಮೇಲಿತ್ತು, ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ನಾನು ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಅವನ ತನಕ ನಡೆದು ಹೋಗುವವರೆಗೂ ಅವನು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದ.

"ರಂಗಣ್ಣ. ಬಾ, ಕೂತ್ಕ."

ಅವನ ಪಕ್ಕ ಕೂತೆ. "ನಿಮ್ಮ ಕೈ ನಾನು ನೋಡ್ಲಿಲ್ಲ ಕಾಂಪೌಂಡರ್ ಸಾರ್," ಅಂದೆ. "ಗಾಡಿ ನೋಡ್ತಾ ಕೂತೆ."

ತನ್ನ ಎಡಗೈ ನೋಡಿಕೊಂಡು ಹೇಳಿದ. "ನಂಗೂ ಹೇಳಾಕೆ ಬಾಯಿ ಬರ್ನಿಲ್ಲ ಕಣೋ. ಕೈ ಹೋಗೈತೆ ಅಂತ ಗೊತ್ತಾದ್ರೆ ಹಸು ಯಾರು ಮುಟ್ಟುಸ್ತಾರೆ? ಡಾಕ್ಟ್ರ ಹತ್ರ ಹೋಗಾಕೂ ಭಯ. ನೀನು ಕಂಡು ಹಿಡಿದು ಕೇಳ್ತೀಯ ಅಂದ್ಕಂಡಿದ್ದೆ. ನೀನು ಒಂದ್ ಮಾತು ಕೇಳಿದ್ರೆ ಹೇಳ್ಬುಡ್ತಿದ್ದೆ. ಅದಕ್ಕೇ ದಿನಾ ನಿನ್ನ ಮುಂದೆ ನಿಲ್ಲುಸ್ತಿದ್ದೆ. ನೀನು ನೋಡಿದ್ರೆ ಸಂಜೆ ಬನ್ನಿ ಅಂತಿದ್ದೆ."

ಕತ್ತಿನಲ್ಲಿ ನರ ಒತ್ತಿತ್ತಂತೆ. ಸಂತೆಯಲ್ಲಿ ಬಿದ್ದ ಮೇಲೂ ನಾಲ್ಕು ವರ್ಷ ಮುಚ್ಚಿಟ್ಟುಕೊಂಡು, ಬಸ್ಸಿನಲ್ಲಿ ಓಡಾಡಿಕೊಂಡು ಡ್ಯೂಟಿ ಮಾಡಿದನಂತೆ. ಕಡೆಗೆ ದೊಡ್ಡ ಆಸ್ಪತ್ರೆಗೆ ತೋರಿಸಿದಾಗ, ಮೊದಲೇ ಬಂದಿದ್ದರೆ ಕೈ ಉಳಿಯುತ್ತಿತ್ತು ಅಂದರಂತೆ. ಇದನ್ನೆಲ್ಲ ಅವನು ಯಾವುದೋ ಹಸುವಿನ ಕಥೆ ಹೇಳಿದ ಹಾಗೆ ಹೇಳಿದ. ನಾನು ತಲೆ ತಗ್ಗಿಸಿಕೊಂಡು ಕೇಳಿದೆ.

ಅವನ ಮನೆಯವರು ಟೀ ತಂದರು. ನಾನು ಲೋಟಕ್ಕೆ ಬಲಗೈ ಚಾಚಿದೆ.

"ಎಡಗೈಗೆ ಏನಾಗೈತೆ?" ಅಂದ ಚಿಕ್ಕಣ್ಣ.

"ಏನಿಲ್ಲ."

"ಗಾಡಿ ನಿಲ್ಸುವಾಗ್ಲೇ ನೋಡ್ದೆ. ಕೊಡಿಲ್ಲಿ."

ತನ್ನ ಬಲಗೈಯಲ್ಲಿ ನನ್ನ ಎಡಗೈ ಹಿಡಿದು ಕರುವಿನ ಕಾಲು ನೋಡುವ ಹಾಗೆ ತಿರುಗಿಸಿ ನೋಡಿದ. ಜೇಬಿನಿಂದ ಪೆನ್ನು ತೆಗೆದು ಕಿರುಬೆರಳಿಗೆ ಒತ್ತಿದ. ಇಲ್ಲಿ ಗೊತ್ತಾಗುತ್ತಾ, ಇಲ್ಲಿ, ಇಲ್ಲಿ ಅಂತ ಒಂದೊಂದೇ ಬೆರಳು ಕೇಳಿದ. ಎರಡು ಬೆರಳಿಗೆ ಪೆನ್ನು ಒತ್ತಿದ್ದೇ ನನಗೆ ಗೊತ್ತಾಗಲಿಲ್ಲ. ಅವನು ಕೈ ಬಿಡಲಿಲ್ಲ.

"ಎಷ್ಟು ದಿನ ಆಯ್ತು? ಮನೇಲಿ ಗೊತ್ತಾ?"

ಇಲ್ಲ ಅಂತ ತಲೆಯಾಡಿಸಿದೆ. ಅವನು ಎದ್ದು ಗೇಟಿನ ಹತ್ತಿರ ಹೋಗಿ ನನ್ನ ಗಾಡಿಯ ಕೀ ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

"ಗಾಡಿ ಇಲ್ಲೇ ಬಿಟ್ಟೋಗು ರಂಗಣ್ಣ. ಕೈ ತೋರಿಸ್ಕಂಡು ಬಾ, ಕೀ ಕೊಡ್ತೀನಿ."

ಹುಡುಗರಾ, ಜೀವಮಾನವೆಲ್ಲ ನಾನು ಬೇರೆಯವರಿಗೆ ಹೇಳಿದ ಮಾತು ಅದು. ಅವರನ್ನು ಕಣ್ಣೆದುರಿನಿಂದ ಕಳಿಸುವುದಕ್ಕೆ ಹೇಳುತ್ತಿದ್ದೆ. ಅವನು ಹೇಳಿದ್ದು ನನ್ನನ್ನು ಪೂರ್ತಿ ನೋಡಿದ ಮೇಲೆ. ನಿಮ್ಮ ಪರದೆ ಮೇಲೆ ಯಾವ ನಂಬರ್ ಬೇಕಾದರೂ ಬರಲಿ, ಗಾಡಿ ತಂದವನು ಇಳಿದು ಹತ್ತು ಹೆಜ್ಜೆ ನಡೆದು ಬರುವ ತನಕ ಕಾಯಿರಿ. ಟ್ರಯಲ್ ನೋಡುವಾಗ ಅವನ ಕೈಗೆ ಗಾಡಿ ಕೊಟ್ಟು ನೀವು ಹಿಂದೆ ಕೂರಿ. ಮೂವತ್ತೆಂಟು ವರ್ಷದ ಕೆಲಸದಿಂದ ನಾನು ಕೊಡಬಹುದಾದದ್ದು ಇಷ್ಟೇ, ಅದೂ ಉಸ್ತಾದ್ ಹೇಳಿದ್ದೇ.

ಬಸ್ಸಿನಲ್ಲಿ ಹೆಲ್ಮೆಟ್ ತೊಡೆ ಮೇಲೆ ಇಟ್ಟುಕೊಂಡು ವಾಪಸ್ ಬಂದೆ. ಮನೆ ಬೀಗ ತೆಗೆದು ಕೂತೆ. ಗಾಡಿ ನಿಲ್ಲಿಸುತ್ತಿದ್ದ ಜಾಗದಲ್ಲಿ ಆಯಿಲಿನ ಕಲೆ ಮಾತ್ರ ಇತ್ತು. ಏಳು ಗಂಟೆಗೆ ಫೋನ್ ಬಂತು.

"ಊಟಕ್ಕೇನ್ ಮಾಡ್ಕಂಡ್ರಿ? ಗಾಡಿ ಒಳಗ್ ನಿಲ್ಸಿದ್ರಾ?"

"ಗಾಡಿ ಗುಬ್ಬೀಲಿ ಬಿಟ್ ಬಂದೆ."

"ಯಾಕೆ, ಕೆಟ್ಟೋಯ್ತಾ?"

"ಗಾಡಿ ಸರಿಯಾಗೇ ಐತೆ ಕಣೇ," ಅಂದೆ.

ತೊಡೆ ಮೇಲಿದ್ದ ನನ್ನ ಎಡಗೈ ನೋಡಿದೆ. ಆ ಕಡೆ ಮೊಮ್ಮಗು ಅಳುತ್ತಿತ್ತು, ಜಯಮ್ಮ ಫೋನ್ ಇಡಲಿಲ್ಲ, ಕಾದಳು. ಹೇಳಿದೆ.